ಕೋತಿ ಆಸ್ಪತ್ರೆಯ ಸೊಣ್ಣಮ್ಮ

ಬಿಳೇಕಹಳ್ಳಿಯ ಸೊಣ್ಣಮ್ಮನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಕೋತಿ ಹುಚ್ಚು ಹಿಡಿಯಿತು ಎಂದು ಊರಿನವರು ಹೇಳುತ್ತಾರೆ. ಹುಚ್ಚು ಹಿಡಿದದ್ದು ನಿಜ. ಹಿಡಿಸಿದವಳು ಅವಳ ಮನೆಯ ಮಹಡಿಗೆ ಬಾಡಿಗೆಗೆ ಬಂದ ಹುಡುಗಿ ಎಂಬುದೂ ನಿಜ. ಆದರೆ ಊರಿನವರಿಗೆ ಅರ್ಧ ಕಥೆ ಹೇಳಿ ಅರ್ಧ ನಗುವುದು ಅಭ್ಯಾಸ. ಪೂರ್ತಿ ಕೇಳಿ.

ಸೊಣ್ಣಮ್ಮ ಉತ್ತರಹಳ್ಳಿಯಿಂದ ಹದಿನಾರನೇ ವರ್ಷಕ್ಕೆ ಸೊಸೆಯಾಗಿ ಬಂದವಳು. ಆಗ ಬಿಳೇಕಹಳ್ಳಿ ಎಂದರೆ ರಾಗಿ ಹೊಲ, ಕೆರೆ, ಮನೆಗೆ ನಾಲ್ಕೈದು ಎಮ್ಮೆ. ಕರು ಹಾಕಿಸುವುದು, ತಾಯಿ ಒದ್ದ ಕರುವನ್ನು ಸಾಕುವುದು, ಕೆಚ್ಚಲು ಬಾವು ವಾಸಿ ಮಾಡುವುದು, ಎಲ್ಲದಕ್ಕೂ ಅಕ್ಕಪಕ್ಕದ ಹಟ್ಟಿಯವರು ಅವಳನ್ನೇ ಕರೆಯುತ್ತಿದ್ದರು. ಆಮೇಲೆ ಹೊಲ ಲೇಔಟ್ ಆಯಿತು. ಗಂಡ ಮುನಿಯಣ್ಣ ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ತಾನು ಆಂಜನೇಯನ ಗುಡಿಯ ಭಜನಾ ಮಂಡಳಿಯ ಕಾರ್ಯದರ್ಶಿಯಾಗಿ ಬಿಳಿ ಪಂಚೆಯಲ್ಲಿ ಓಡಾಡತೊಡಗಿದ. ಸೊಣ್ಣಮ್ಮನ ಪಾಲಿಗೆ ಉಳಿದದ್ದು ಹಿತ್ತಲಿನ ಶೀಟಿನ ಕೆಳಗೆ ಗೌರಿ ಎಂಬ ಒಂದೇ ಒಂದು ಎಮ್ಮೆ. ಬೆಳಿಗ್ಗೆ ಏಳಕ್ಕೆ ಅದರ ಕೆಲಸ ಮುಗಿದರೆ ಆಮೇಲೆ ದಿನವಿಡೀ ಕೈ ಖಾಲಿ. ಸೊಂಟ ಮುರಿಯುವಷ್ಟು ದುಡಿದವರಿಗೆ ಖಾಲಿ ಕೈ ಎಂದರೆ ಒಂದು ಕಾಯಿಲೆ. ಅವಳು ಬಾಡಿಗೆಯವರ ಮೇಲೆ ರೇಗುತ್ತ ಆ ಕಾಯಿಲೆಯನ್ನು ಕಳೆಯುತ್ತಿದ್ದಳು.

ತೊಂಬತ್ತೆಂಟನೇ ಇಸವಿ ಜುಲೈ ತಿಂಗಳಲ್ಲಿ ಡಾಕ್ಟರ್ ವೆಂಕಟಾಚಲ ತಮ್ಮ ಸ್ಕೂಟರಿನ ಹಿಂದೆ ಒಬ್ಬ ಉದ್ದನೆಯ ಬಿಳಿ ಹುಡುಗಿಯನ್ನು ಕೂರಿಸಿಕೊಂಡು ಬಂದರು. ಬನ್ನೇರುಘಟ್ಟದ ದಾರಿಯಲ್ಲಿ ಗಾಯಗೊಂಡ ಕಾಡುಪ್ರಾಣಿಗಳನ್ನು ತಂದು ಉಪಚಾರ ಮಾಡುವ ಆಶ್ರಯಧಾಮವೊಂದಿತ್ತು. ವೆಂಕಟಾಚಲ ಅಲ್ಲಿನ ವೈದ್ಯರು. ಹದ್ದು, ಹಾವು, ಪುನುಗು ಬೆಕ್ಕು, ಕಾಡುಪಾಪ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಕೋತಿಗಳೇ ಬರುತ್ತಿದ್ದುದರಿಂದ ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದು ಕೋತಿ ಆಸ್ಪತ್ರೆ. ಹುಡುಗಿಯ ಹೆಸರು ಹಿಲ್ಡಾ, ಊರು ಡೆನ್ಮಾರ್ಕು, ಮೂರು ತಿಂಗಳು ಆಸ್ಪತ್ರೆಯಲ್ಲಿ ಕೆಲಸ ಮಾಡಲು ಬಂದಿದ್ದಾಳೆ, ಒಂದು ರೂಮು ಬೇಕು ಎಂದರು. ಸಂಬಳ ಎಷ್ಟು ಎಂದು ಸೊಣ್ಣಮ್ಮ ಕೇಳಿದಳು. ಸಂಬಳವಿಲ್ಲ, ವಿಮಾನದ ಖರ್ಚೂ ಅವಳದೇ ಎಂದು ಡಾಕ್ಟರು ಹೇಳಿ ಹೊರಟುಹೋದರು.

ಸೊಣ್ಣಮ್ಮ ಆ ದಿನವೆಲ್ಲ ಯೋಚಿಸಿದಳು. ಏಳು ಸಮುದ್ರ ದಾಟಿ, ಕೈಯಿಂದ ದುಡ್ಡು ಹಾಕಿ, ಕೋತಿ ಹೇಲು ಬಳಿಯಲು ಯಾರಾದರೂ ಬರುತ್ತಾರೆಯೇ? ಅವಳಿಗೆ ಹೊಳೆದ ಉತ್ತರ ಒಂದೇ. ಹರಕೆ. ಚಿಕ್ಕಂದಿನಲ್ಲಿ ಈ ಹುಡುಗಿಗೆ ಜೀವ ಹೋಗುವ ಕಾಯಿಲೆ ಬಂದಿರಬೇಕು, ಹೆತ್ತವರು ಆಂಜನೇಯನಿಗೆ ಹೊತ್ತುಕೊಂಡಿರಬೇಕು, ಈಗ ತೀರಿಸಲು ಬಂದಿದ್ದಾಳೆ. ಡೆನ್ಮಾರ್ಕಿನಲ್ಲಿ ಆಂಜನೇಯ ಇದ್ದಾನೆಯೇ ಎಂದು ಮುನಿಯಣ್ಣ ಕೇಳಿದರೆ, ಅವನಿಲ್ಲದ ಜಾಗ ಯಾವುದು ತೋರಿಸು ಎಂದು ಬಾಯಿ ಮುಚ್ಚಿಸಿದಳು. ಅಂದಿನಿಂದ ಹರಕೆಯವಳ ಮಡಿ ಕೆಡದಂತೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯೇ ಮಹಡಿಗೆ ಹೋಯಿತು. ಭಾನುವಾರದ ಮಟನ್ ಸಾರನ್ನು ಕಿಟಕಿ ಮುಚ್ಚಿಕೊಂಡು ಕುದಿಸಿದರು. ಬೆಂಗಳೂರಿನವರೆಲ್ಲ ಹೀಗೇ ತಿನ್ನುತ್ತಾರೆ ಎಂದುಕೊಂಡು ಹಿಲ್ಡಾ ಒಂದು ತಿಂಗಳು ಪಾಪ ಸಪ್ಪೆ ಬೇಳೆ ತಿಂದಳು. ಅವಳಿಗೆ ಬರುತ್ತಿದ್ದ ಕನ್ನಡ "ಚೆನ್ನಾಗಿದೆ" ಒಂದೇ.

ಶ್ರಾವಣದ ಎರಡನೇ ಶನಿವಾರ ಬೆಳಿಗ್ಗೆ ಹಿಟ್ಟಿನ ಗಿರಣಿಯ ಎದುರಿನ ಟ್ರಾನ್ಸ್‌ಫಾರ್ಮರಿನ ಮೇಲೆ ಒಂದು ತಾಯಿ ಕೋತಿ ಕರೆಂಟು ಹೊಡೆದು ಸತ್ತು ಕೆಳಗೆ ಬಿತ್ತು. ಅದರ ಹೊಟ್ಟೆಗೆ ಕಚ್ಚಿಕೊಂಡಿದ್ದ ಮರಿ ಹೇಗೋ ಬದುಕಿತ್ತು. ಶ್ರಾವಣ ಶನಿವಾರ ಆಂಜನೇಯನ ಗುಡಿಯ ಊರಿನಲ್ಲಿ ಕೋತಿ ಸತ್ತರೆ ಸುಮ್ಮನೆ ಆಗುತ್ತದೆಯೇ? ಮುನಿಯಣ್ಣ ಅರ್ಧ ಗಂಟೆಯಲ್ಲಿ ಚಟ್ಟ ಕಟ್ಟಿಸಿ, ಚೆಂಡುಹೂವಿನ ಹಾರ ತರಿಸಿ, ತಮಟೆಯವರನ್ನು ಕರೆಸಿದ. ಆದರೆ ಮರಿಯನ್ನು ಬಿಡಿಸಲು ಯಾರಿಗೂ ಧೈರ್ಯ ಬರಲಿಲ್ಲ. ಮುಟ್ಟಿದರೆ ಕಿರುಚುತ್ತಿತ್ತು. ಸೊಣ್ಣಮ್ಮ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತು, ಸತ್ತ ತಾಯಿಯ ರೋಮ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮರಿಯನ್ನು ಸೆರಗಿನೊಳಗೆ ಹಾಕಿಕೊಂಡಳು. ಅದು ಅವಳ ರವಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನಾಯಿತು. ಎಷ್ಟು ವರ್ಷವಾಗಿತ್ತು ಒಂದು ಜೀವ ಹಾಗೆ ಅವಳನ್ನು ಹಿಡಿದುಕೊಂಡು! ಎದೆ ಡವಡವ ಎನ್ನುತ್ತಿತ್ತು, ಅವಳದೋ ಮರಿಯದೋ ತಿಳಿಯಲಿಲ್ಲ.

ತಾಯಿಯನ್ನು ಗುಡಿಯ ಹಿಂದೆ ಮಣ್ಣು ಮಾಡಿ ಬಂದ ಮುನಿಯಣ್ಣ, ಸ್ವಾಮಿ ತನ್ನ ಮಗುವನ್ನು ನಮ್ಮ ಊರಿಗೆ ಕೊಟ್ಟಿದ್ದಾನೆ, ಗುಡಿಯ ಅಂಗಳದಲ್ಲಿ ಪಂಜರ ಮಾಡಿಸಿ ಸಾಕೋಣ ಎಂದು ಘೋಷಿಸಿದ. ಮಂಡಳಿಯವರೆಲ್ಲ ಜೈ ಎಂದರು. ಪಂಜರವಾಗುವ ತನಕ ಮರಿ ಸೊಣ್ಣಮ್ಮನ ಮನೆಯಲ್ಲಿ. ಹೆಂಗಸರು ಆರತಿ ತಟ್ಟೆ ಹಿಡಿದು ಬಂದರು, ಹಣೆಗೆ ಕುಂಕುಮವಿಟ್ಟರು, ಬಾಳೆಹಣ್ಣು ಕಿವುಚಿ ಬಾಯಿಗೆ ತುರುಕಿದರು. ಸೊಣ್ಣಮ್ಮ ತನ್ನ ಮಕ್ಕಳಿಗೆ ಹಾಲೂಡಿಸಿದ್ದ ಬೆಳ್ಳಿ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದು, ಗೌರಿಯ ಗಟ್ಟಿ ಹಾಲನ್ನು ಒಂದು ತೊಟ್ಟು ನೀರು ಸೋಕಿಸದೆ ಕಾಯಿಸಿ, ಕೆನೆ ಸಮೇತ ಕುಡಿಸಿದಳು. ನೀರು ಹಾಕಿದ ಹಾಲನ್ನು ದೇವರ ಮಗುವಿಗೆ ಕೊಡುವುದು ಎಮ್ಮೆ ಕಟ್ಟಿದವರಿಗೆ ಅವಮಾನ ಎಂಬುದು ಅವಳ ಲೆಕ್ಕ. ಮರಿ ಚಪ್ಪರಿಸಿಕೊಂಡು ಕುಡಿಯಿತು. ಎರಡು ದಿನ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಮೂರನೇ ದಿನ ಮರಿ ಭೇದಿಯಿಂದ ನೀರಾಗಿ, ಕಣ್ಣು ಒಳಗೆ ಹೋಗಿ, ಒಳಲೆ ಕಂಡರೆ ಮುಖ ತಿರುಗಿಸಿತು. ಮೈಸೂರು ನೋಡಲು ಹೋಗಿದ್ದ ಹಿಲ್ಡಾ ಅಂದು ಮಧ್ಯಾಹ್ನ ವಾಪಸು ಬಂದಳು. ಮೆಟ್ಟಿಲ ಹತ್ತಿರ ಸೊಣ್ಣಮ್ಮನ ಸೆರಗಿನೊಳಗೆ ಇಣುಕಿ ನೋಡಿದವಳೇ ಚೀಲವನ್ನು ಅಲ್ಲೇ ಎಸೆದು, ಹಾಲಿನ ಬಟ್ಟಲು ಮೂಸಿ ನೋಡಿ, ಸೊಣ್ಣಮ್ಮನ ಕೈ ಹಿಡಿದು ರಸ್ತೆಗೆ ಎಳೆದುಕೊಂಡು ಹೋದಳು. ಐಐಎಂ ಕಾಂಪೌಂಡಿನ ಹತ್ತಿರ ಆಟೋ ಸಿಕ್ಕಿತು. ದಾರಿಯುದ್ದಕ್ಕೂ ಹಿಲ್ಡಾ ಬಾಟಲಿ ನೀರಿಗೆ ಏನೋ ಪುಡಿ ಕಲಸಿ ಬೆರಳ ತುದಿಯಿಂದ ಹನಿ ಹನಿಯಾಗಿ ಮರಿಯ ತುಟಿಗೆ ಇಡುತ್ತಿದ್ದಳು. ಸೊಣ್ಣಮ್ಮ ಆಂಜನೇಯನ ಹೆಸರು ಹೇಳುತ್ತ, ನಡುನಡುವೆ ಆಟೋದವನಿಗೆ ಬೈಯುತ್ತ ಕೂತಳು.

ಡಾಕ್ಟರು ಮರಿಗೆ ಸೂಜಿ ಚುಚ್ಚಿ, ಬಿಸಿ ನೀರಿನ ಚೀಲದ ಮೇಲೆ ಮಲಗಿಸಿ, ಆಮೇಲೆ ಅವಳ ಕಡೆ ತಿರುಗಿದರು.

"ಏನಮ್ಮಾ, ಎಮ್ಮೆ ಕರುಗೆ ಕುಡಿಸೋ ಹಾಲ್ನ ಇದಕ್ಕೆ ಕುಡಿಸಿದ್ದೀರಲ್ಲ. ಇನ್ನೊಂದ್ ದಿನ ಬಿಟ್ಟಿದ್ರೆ ಇದನ್ನೂ ಅದರ ಅಮ್ಮನ ಪಕ್ಕದಲ್ಲೇ ಹೂಳ್ಬೇಕಾಗಿತ್ತು."

ನಲವತ್ತು ಕರುಗಳನ್ನು ಸಾಕಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ಅವಳು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತಳು. ಈ ಮರಿ ಸತ್ತರೆ ಕೊಂದವಳು ತಾನೇ, ಬೇರೆ ಯಾರೂ ಅಲ್ಲ ಎಂಬುದು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಇದನ್ನು ಬದುಕಿಸದೆ ಮನೆ ಕೆಲಸ ಮುಟ್ಟುವುದಿಲ್ಲ ಎಂದು ಹಠ ಹಿಡಿದಳು.

ಹಠ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಮರಿ ಅವಳ ಸೀರೆಯ ವಾಸನೆ ಇಲ್ಲದೆ ಯಾರ ಹತ್ತಿರವೂ ಔಷಧಿ ಕುಡಿಯಲಿಲ್ಲ. ಹೀಗಾಗಿ ಸೊಣ್ಣಮ್ಮ ದಿನಾ ಗೌರಿಯ ಹಾಲು ಕರೆದು, ಮುನಿಯಣ್ಣನಿಗೆ ಮುದ್ದೆ ತೊಳಸಿಟ್ಟು, ಹಿಲ್ಡಾಳ ಜೊತೆ ಬಸ್ಸು ಹತ್ತತೊಡಗಿದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗಂಬೂಟು ಹಾಕಿ, ಕೈಗವಸು ತೊಟ್ಟ ಸೊಣ್ಣಮ್ಮನನ್ನು ನೀವು ನೋಡಬೇಕಿತ್ತು. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದಿಗೆ ಮಾಂಸದ ಚೂರು ಇಟ್ಟಳು. ಅಪಶಕುನ ಎಂದು ಚಿಕ್ಕಂದಿನಿಂದ ಹೆದರುತ್ತಿದ್ದ ಕಾಡುಪಾಪದ ದುಂಡು ಕಣ್ಣನ್ನು ಒಂದು ಮಾರು ದೂರದಿಂದ ನೋಡಿ, ಇಷ್ಟಕ್ಕಾ ನಾನು ಹೆದರಿದ್ದು ಎಂದು ನಕ್ಕಳು. ಸಂಜೆ ಬಸ್ಸಿನಲ್ಲಿ ಪಕ್ಕದವರಿಗೆ, ಕಂಡಕ್ಟರಿಗೆ, ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ ಅಂದಿನ ಸಮಾಚಾರ ಹೇಳುತ್ತಿದ್ದಳು. ಅವಳಿಗೆ ಅಷ್ಟು ಖುಷಿಯಾಗಿ ಎಷ್ಟೋ ವರ್ಷವಾಗಿತ್ತು.

ಒಂದು ದಿನ ಡಾಕ್ಟರನ್ನು ಮಧ್ಯೆ ಇಟ್ಟುಕೊಂಡು, ಹಿಲ್ಡಮ್ಮನ ಹರಕೆ ಯಾವ ಕ್ಷೇತ್ರದ ಆಂಜನೇಯನಿಗೆ ಎಂದು ವಿಚಾರಿಸಿದಳು. ಹರಕೆಯೂ ಇಲ್ಲ ಮುಡುಪೂ ಇಲ್ಲ, ಪ್ರಾಣಿಗಳೆಂದರೆ ಇಷ್ಟ ಅದಕ್ಕೇ ಬಂದಳು ಎಂಬ ಉತ್ತರ ಬಂತು. ಸೊಣ್ಣಮ್ಮ ಇದನ್ನು ಪೂರ್ತಿ ನಂಬಲಿಲ್ಲ. ಆದರೆ ತಾನೂ ಈಗ ಯಾವ ಹರಕೆಯೂ ಇಲ್ಲದೆ ಕೋತಿ ಹೇಲು ಬಳಿಯುತ್ತಿದ್ದೇನಲ್ಲ ಎಂದು ನೆನಪಾಯಿತು. ಆ ಭಾನುವಾರ ಮಟನ್ ಸಾರು ಮಹಡಿಗೂ ಹೋಯಿತು. ಹಿಲ್ಡಾ ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ ಮೂರು ಸಲ ಬಡಿಸಿಕೊಂಡಳು.

ಎರಡು ವಾರಕ್ಕೆ ಮರಿಯ ಭೇದಿ ನಿಂತು ಮೈ ತುಂಬಿಕೊಂಡಿತು. ಸೊಣ್ಣಮ್ಮ ಗೆದ್ದೆ ಎಂದುಕೊಂಡಳು. ಆಗ ಡಾಕ್ಟರು ಅವಳನ್ನು ಕೂರಿಸಿಕೊಂಡು, ಬದುಕಿದ್ದು ಅರ್ಧ ಮಾತ್ರ ಎಂದರು. ಮನುಷ್ಯರ ಸೆರಗಿನಲ್ಲಿ ಬೆಳೆದ ಕೋತಿಗೆ ಕೋತಿಗಳ ಭಾಷೆ ಬರುವುದಿಲ್ಲ. ದೊಡ್ಡದಾದ ಮೇಲೆ ಹಿಂಡು ಅದನ್ನು ಕಚ್ಚಿ ಓಡಿಸುತ್ತದೆ. ಆಮೇಲೆ ಉಳಿಯುವುದು ಸರಪಳಿ, ಪಂಜರ, ಸಾಯುವ ತನಕ. ಆಸ್ಪತ್ರೆಯಲ್ಲಿ ಒಂದು ಹೆಣ್ಣು ಕೋತಿ ಇತ್ತು. ನಾಯಿಗಳು ಅದರ ಮರಿಯನ್ನು ಕೊಂದು, ಅದರ ಕಿವಿಯನ್ನೂ ಹರಿದಿದ್ದವು. ಸೊಣ್ಣಮ್ಮ ಅದಕ್ಕೆ ಕಿವಿಹರಕಿ ಎಂದು ಹೆಸರಿಟ್ಟಿದ್ದಳು. ಮೊಲೆಯಲ್ಲಿ ಇನ್ನೂ ಹಾಲಿದೆ, ಒಪ್ಪಿಕೊಂಡರೆ ಮರಿಗೆ ತಾಯಿಯೂ ಸಿಕ್ಕಿತು, ಹಿಂಡೂ ಸಿಕ್ಕಿತು ಎಂದರು ಡಾಕ್ಟರು.

ಕಿವಿಹರಕಿ ಒಪ್ಪಲಿಲ್ಲ. ಜಾಲರಿ ಬುಟ್ಟಿಯೊಳಗೆ ಮರಿಯನ್ನಿಟ್ಟು ಅದರ ಕೋಣೆಗೆ ಬಿಟ್ಟರೆ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಕೂತಿತು. ಎರಡನೇ ದಿನ ಬುಟ್ಟಿಯನ್ನೇ ಒದ್ದು ಉರುಳಿಸಿತು. ಮೂರನೇ ದಿನವೂ ಅದೇ ಕಥೆ. ಮರಿ ಸೊಣ್ಣಮ್ಮನ ಕಡೆ ಕೈ ಚಾಚಿ ಕಿರುಚುತ್ತಿತ್ತು. ಕಿವಿಹರಕಿಯ ಹಾಲು ಬತ್ತುತ್ತಿದೆ, ನಾಳೆ ಒಂದು ದಿನ ನೋಡಿ ಕೈಬಿಡೋಣ ಎಂದು ಡಾಕ್ಟರು ಹೇಳಿದರು. ಸಂಜೆ ಅವಳು ಬಸ್ಸಿಳಿದು ಗುಡಿಯ ಮುಂದೆ ಹಾದರೆ, ಅಂಗಳದಲ್ಲಿ ಹೊಸ ಪಂಜರ ಬಂದು ಕೂತಿತ್ತು. ನೀಲಿ ಬಣ್ಣ, ಮೇಲೆ ಮಂಡಳಿಯ ಹೆಸರು, ಒಳಗೆ ಒಂದು ಮೊಳದ ಸರಪಳಿ. ಬಟ್ಟೆ ಬೀರುವಿಗಿಂತ ದೊಡ್ಡದಿರಲಿಲ್ಲ. ಮುನಿಯಣ್ಣ ಹೆಮ್ಮೆಯಿಂದ ಬಾಗಿಲು ತೆಗೆದು ಮುಚ್ಚಿ ತೋರಿಸಿದ. ಸೊಣ್ಣಮ್ಮ ಆ ಸರಪಳಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, ಬಿಟ್ಟು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಹಿಲ್ಡಾ ಕಿವಿಹರಕಿಯ ಕೋಣೆ ತೊಳೆದು, ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತ ಜಾಲರಿಗೆ ಒರಗಿ ನಿಂತಿದ್ದಳು. ಕಿವಿಹರಕಿ ಹಿಂದಿನಿಂದ ಮೆಲ್ಲಗೆ ಬಂದು ಅವಳ ಅಂಗಿಯ ತೋಳನ್ನು ಎಳೆದುಕೊಂಡು, ಬೆವರು ಒಣಗಿ ಬಿಳಿ ಕಟ್ಟಿದ್ದ ಜಾಗವನ್ನು ಉಗುರಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳತೊಡಗಿತು. ಸೊಣ್ಣಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟು ನೋಡುತ್ತ ನಿಂತಳು. ಉಪ್ಪು! ಗಂಬೂಟು ಧಡಧಡ ಸದ್ದು ಮಾಡುತ್ತ ಡಾಕ್ಟರ ಕೋಣೆಗೆ ಓಡಿದಳು.

ತಾಯಿ ಸತ್ತ ಕರುವನ್ನು ಬೇರೆ ಎಮ್ಮೆಗೆ ಕೂಡಿಸುವಾಗ ಕರುವಿನ ಮೈಗೆ ಉಪ್ಪುನೀರು ಸವರಿ ಮೇಲೆ ಬೂಸಾ ಉದುರಿಸುವುದು ಅವಳ ಅತ್ತೆಯ ಕಾಲದ ಪದ್ಧತಿ. ಅದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಎಮ್ಮೆ ಅಲ್ಲಮ್ಮ."

"ಹಾಲಿರೋ ತಾಯಿ ತಾನೆ ಸಾರ್. ಎಮ್ಮೆಗೇನು ಮೊದ್ಲೇ ಪ್ರೀತಿ ಇರ್ತೈತಾ? ನಾಲ್ಗೆ ರುಚಿಗೆ ನೆಕ್ಕಾಕೆ ಬತ್ತೈತೆ. ನೆಕ್ತಾ ನೆಕ್ತಾ ಅದ್ರ ಮಗಾನೇ ಆಗೋಯ್ತದೆ. ನಲ್ವತ್ ಕರ ಸಾಕೀನಿ ನಾನು, ಎಷ್ಟ್ ಕೂಡ್ಸಿಲ್ಲ?"

ಡಾಕ್ಟರು ಹಿಲ್ಡಾಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಹಿಲ್ಡಾ ತನ್ನ ಅಂಗಿಯ ತೋಳು ನೋಡಿಕೊಂಡು, ಸೊಣ್ಣಮ್ಮನನ್ನು ನೋಡಿ, "ಚೆನ್ನಾಗಿದೆ" ಎಂದಳು. ಕೊನೆಗೆ ಡಾಕ್ಟರು ಬೆನ್ನಿನ ಮೇಲೆ ಮಾತ್ರ, ಚಿಟಿಕೆಯಷ್ಟು ಎಂಬ ಷರತ್ತಿನ ಮೇಲೆ ಒಪ್ಪಿದರು.

ಸೊಣ್ಣಮ್ಮ ಉಪ್ಪುನೀರಿನಲ್ಲಿ ಬೆರಳದ್ದಿ ಮರಿಯ ಬೆನ್ನಿಗೆ, ಕತ್ತಿನ ಹಿಂದಕ್ಕೆ ಸವರಿದಳು. ಬೂಸಾ ಬದಲು ಹುರಿದ ಕಡಲೇಕಾಯಿಯನ್ನು ಪುಡಿ ಮಾಡಿ ರೋಮದೊಳಗೆ ಸಿಕ್ಕುವಂತೆ ಉದುರಿಸಿದಳು. ಈ ಸಲ ಬುಟ್ಟಿಯ ಮುಚ್ಚಳ ತೆಗೆದೇ ಇಡಬೇಕೆಂದು ಅವಳೇ ಹೇಳಿದಳು. ಕರುವನ್ನು ಬುಟ್ಟಿಯಲ್ಲಿಟ್ಟರೆ ಎಮ್ಮೆ ಹೇಗೆ ನೆಕ್ಕೀತು? ಕಿವಿಹರಕಿ ಕಚ್ಚಿದರೆ ಒಂದೇ ಕಡಿತಕ್ಕೆ ಮರಿಯ ಕಥೆ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಬಲೆ ಹಿಡಿದು ಬಾಗಿಲಲ್ಲಿ ನಿಂತರು. ಮರಿಗೆ ಕಾಣದಂತೆ ಸೊಣ್ಣಮ್ಮ ಮತ್ತು ಹಿಲ್ಡಾ ಗೋಣಿ ಪರದೆಯ ಹಿಂದೆ ಕೂತು ತೂತಿನಿಂದ ನೋಡಿದರು.

ಮರಿ ಒಂದೇ ಸಮನೆ ಕಿರುಚಿತು. ಅದು ತನ್ನನ್ನೇ ಕೂಗುತ್ತಿದೆ ಎಂದು ಸೊಣ್ಣಮ್ಮನಿಗೆ ಗೊತ್ತು. ಎದ್ದು ಹೋಗಿ ಎತ್ತಿಕೊಂಡರೆ ಒಂದು ಕ್ಷಣದಲ್ಲಿ ಸುಮ್ಮನಾಗುತ್ತದೆ ಎಂದೂ ಗೊತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಹಿಲ್ಡಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಬಳೆ ಒಡೆಯಿತು, ಇಬ್ಬರಿಗೂ ಗೊತ್ತಾಗಲಿಲ್ಲ. ಕಿವಿಹರಕಿ ಮೂಲೆಯಿಂದ ಕತ್ತು ತಿರುಗಿಸಿತು. ಎದ್ದಿತು. ಮರಿಯ ಸುತ್ತ ಒಂದು ಸುತ್ತು ಬಂದು, ಕಡಲೇಕಾಯಿಯ ಒಂದು ಚೂರನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡು ದೂರ ಹೋಯಿತು. ಮತ್ತೆ ಬಂದಿತು. ಮತ್ತೊಂದು ಚೂರು. ಮೂರನೇ ಸಲ ದೂರ ಹೋಗಲಿಲ್ಲ. ಕೂತು, ಎಡಗೈಯಿಂದ ಮರಿಯನ್ನು ಅದುಮಿ ಹಿಡಿದು, ಬಲಗೈಯಿಂದ ರೋಮ ಬಿಡಿಸಿ ಬಿಡಿಸಿ ಉಪ್ಪು ಹುಡುಕತೊಡಗಿತು. ಬೆನ್ನು ಮುಗಿಯಿತು, ಕತ್ತು ಮುಗಿಯಿತು. ಉಪ್ಪೇ ಸವರದ ಹೊಟ್ಟೆ, ಕಿವಿ, ಕಂಕುಳನ್ನೂ ಅದು ಹುಡುಕಿತು. ಯಾವಾಗ ಉಪ್ಪು ಖಾಲಿಯಾಯಿತೋ, ಯಾವಾಗ ಬೇರೆಯದು ಶುರುವಾಯಿತೋ ಆ ಕಿವಿಹರಕಿಗೇ ಗೊತ್ತು. ಮರಿಯ ಕಿರುಚಾಟ ಕುಂಯ್‌ಗುಟ್ಟುವಿಕೆಗೆ ಇಳಿಯಿತು. ಅದು ತಡಕಾಡಿ ರೋಮ ಹಿಡಿದು ಮೇಲೆ ಹತ್ತಿ ಮೊಲೆಗೆ ಬಾಯಿ ಹಾಕಿತು. ಕಿವಿಹರಕಿ ಎರಡೂ ಕೈಯಿಂದ ಅದನ್ನು ಹೊಟ್ಟೆಗೆ ಎಳೆದುಕೊಂಡಿತು.

ಡಾಕ್ಟರು ಬಲೆಯನ್ನು ಸದ್ದಿಲ್ಲದೆ ಕೆಳಗಿಟ್ಟರು. ಪರದೆಯ ಹಿಂದೆ ಇಬ್ಬರು ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು, ಬಾಯಿ ಮುಚ್ಚಿಕೊಂಡು ನಕ್ಕರು, ಅತ್ತರು. ಆಮೇಲೆ ಡಾಕ್ಟರು ಕೈಮುಗಿದು, ನಲವತ್ತು ಕರುಗಳ ಓದು ನನ್ನ ಕಾಲೇಜಿನಲ್ಲಿ ಇರಲಿಲ್ಲಮ್ಮ ಎಂದರು. ಸೊಣ್ಣಮ್ಮ ಆ ಮಾತನ್ನು ಬಿಳೇಕಹಳ್ಳಿಯಲ್ಲಿ ಹೇಳದ ಮನೆಯಿಲ್ಲ.

ಮುನಿಯಣ್ಣ ಮಾತ್ರ ಸಿಟ್ಟಾದ. ದೇವರ ಮಗುವನ್ನು ಊರಿಗೆ ತರದೆ ಅಲ್ಲೇ ಬಿಟ್ಟು ಬಂದೆಯಲ್ಲ, ಮಂಡಳಿಗೆ ಏನು ಮುಖ ತೋರಿಸಲಿ ಎಂದ. ಬಂದು ನೋಡು, ನೋಡಿದ ಮೇಲೂ ಬೇಕೆನಿಸಿದರೆ ನೀನೇ ಬಿಡಿಸಿಕೊಂಡು ಬಾ ಎಂದಳು ಅವಳು. ಮುಂದಿನ ಶನಿವಾರ ಅವನು ಪಂಚೆ ಉಟ್ಟು, ಬಾಳೆಗೊನೆ ಹಿಡಿದು ಹೋದ. ಕಿವಿಹರಕಿಯ ಮಡಿಲಲ್ಲಿ ಮೊಲೆ ಕಚ್ಚಿ ನಿದ್ದೆ ಹೋಗಿದ್ದ ಮರಿಯನ್ನು ಬಹಳ ಹೊತ್ತು ನೋಡಿದ. ಬಾಳೆಗೊನೆಯನ್ನು ಅಲ್ಲಿನವರ ಕೈಗೆ ಕೊಟ್ಟು ವಾಪಸು ಬಂದ. ನೀಲಿ ಪಂಜರ ಸ್ವಲ್ಪ ದಿನ ಗುಡಿಯಲ್ಲಿದ್ದು, ಆಮೇಲೆ ಮನೆಗೆ ಬಂದು, ಅದರಲ್ಲಿ ಕೋಳಿಗಳು ಮೊಟ್ಟೆ ಇಟ್ಟವು.

ಸೊಣ್ಣಮ್ಮ ಕೋತಿ ಆಸ್ಪತ್ರೆಯನ್ನು ಬಿಡಲಿಲ್ಲ. ಮಂಡಿ ನೋವು ಹೆಚ್ಚಾಗುವ ತನಕ, ಎರಡು ಸಾವಿರದ ಒಂಬತ್ತರವರೆಗೆ, ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದಳು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ಅವಳ ಕೈಕೆಳಗೆ ಕೆಲಸ ಕಲಿತು ಹೋದರು. ಅನಾಥ ಮರಿಗಳನ್ನು ತಾಯಂದಿರಿಗೆ ಕೂಡಿಸುವ ದಿನ ಡಾಕ್ಟರು ಅವಳಿಗಾಗಿ ಕಾಯುತ್ತಿದ್ದರು. ಎಲ್ಲವೂ ಕೂಡಲಿಲ್ಲ. ಕೂಡದೆ ಹೋದ ದಿನ ಅವಳು ಬಸ್ಸಿನಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಆದರೆ ಅವಳನ್ನು ಕೇಳಿದರೆ ಅವಳು ಹೇಳುವುದು ತೊಂಬತ್ತೆಂಟರ ಅಕ್ಟೋಬರಿನ ಆ ಒಂದು ಮಧ್ಯಾಹ್ನದ ಸಂಗತಿ. ಹಿಲ್ಡಾ ಮರುದಿನ ಊರಿಗೆ ಹೊರಡುವವಳಿದ್ದಳು. ಕಿವಿಹರಕಿಯನ್ನೂ ಮರಿಯನ್ನೂ ಆಸ್ಪತ್ರೆಯ ಕೋತಿ ಹಿಂಡಿದ್ದ ದೊಡ್ಡ ಆವರಣಕ್ಕೆ ಬಿಟ್ಟು ಮೂರು ವಾರವಾಗಿತ್ತು. ಮರಿಗೆ ಮನುಷ್ಯರ ಸಲಿಗೆ ಮರೆಯಲಿ ಎಂದು ಡಾಕ್ಟರು ಅಷ್ಟು ದಿನ ಸೊಣ್ಣಮ್ಮ ಆ ಕಡೆ ತಲೆ ಹಾಕದಂತೆ ತಡೆದಿದ್ದರು. ಅಂದು ಇಬ್ಬರೂ ಬೇಲಿಯ ಹತ್ತಿರ ಹೋದರು. ಮರಿ ಹುಣಿಸೆ ಕೊಂಬೆಯಲ್ಲಿ ತನ್ನಷ್ಟೇ ದೊಡ್ಡ ಇನ್ನೊಂದರ ಬಾಲ ಹಿಡಿದು ಜಗ್ಗುತ್ತಿತ್ತು. ಸೊಣ್ಣಮ್ಮ ತಡೆಯಲಾರದೆ, ಔಷಧಿ ಕುಡಿಸುವಾಗ ಕರೆಯುತ್ತಿದ್ದ ಹಾಗೆ, ಬಾರೋ ಕಂದ ಎಂದು ಕರೆದಳು.

ಮರಿ ಅವಳನ್ನು ನೋಡಿತು. ಒಮ್ಮೆ ಕೀಚ್ ಎಂದು ಕಿರುಚಿ, ಕೊಂಬೆಯಿಂದ ಧುಮುಕಿ, ಓಡಿಹೋಗಿ ಕಿವಿಹರಕಿಯ ಹೊಟ್ಟೆಗೆ ಕಚ್ಚಿಕೊಂಡಿತು. ಕಿವಿಹರಕಿ ಅದನ್ನು ತೋಳಿನಿಂದ ಮುಚ್ಚಿ, ಸೊಣ್ಣಮ್ಮನ ಕಡೆ ಹಲ್ಲು ಕಿಸಿಯಿತು.

ಹಿಲ್ಡಾ ಗಾಬರಿಯಾಗಿ ಸೊಣ್ಣಮ್ಮನ ಮುಖ ನೋಡಿದಳು, ಎಲ್ಲಿ ನೊಂದುಕೊಂಡಳೋ ಎಂದು. ಸೊಣ್ಣಮ್ಮ ಬೇಲಿ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಿನಿಂದ ನೀರು ಸುರಿದು ಗಲ್ಲಕ್ಕೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ನೋಡ್ದಾ ಹಿಲ್ಡಮ್ಮ, ಹೆದ್ರುತೈತೆ," ಎಂದಳು. "ನನ್ ಕಂಡ್ರೆ ಹೆದ್ರುತೈತೆ."